ಕಿವಿ ಮಷೀನ್: ಯಾವುದು, ಯಾರ ಹತ್ತಿರ, ಎಷ್ಟಕ್ಕೆ? ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ಒಂದು ಹೋಲಿಕೆ

"ದನಿ ಕೇಳ್ತದ್ರೀ, ಮಾತು ತಿಳಿಯಂಗಿಲ್ಲ." ವಯಸ್ಸಿನಿಂದ ಕಿವಿ ಮಂದವಾದವರು ನಮ್ಮ ಕಡೆ ಹೆಚ್ಚಾಗಿ ಹೇಳುವ ಮಾತು ಇದು. ಅವರು ಹೇಳುವುದು ಪೂರ್ತಿ ಸರಿ. ಅ, ಓ, ಮ ಇಂಥ ದಪ್ಪ ದನಿಗಳ ಬಲವೆಲ್ಲ 1000 ಹರ್ಟ್ಸ್ (ಸ್ವರದ ಎತ್ತರ ಅಳೆಯುವ ಲೆಕ್ಕ) ಆಸುಪಾಸು ಮತ್ತು ಅದಕ್ಕಿಂತ ಕೆಳಗೆ ಇರುತ್ತದೆ. ವಯಸ್ಸಾದ ಕಿವಿಗೂ ಅವು ಸಾಕಷ್ಟು ಮುಟ್ಟುತ್ತವೆ. ಸ, ಶ, ಚ, ತ ಇವುಗಳ ಗುರುತು ಇರುವುದು 2000ದಿಂದ ಮೇಲಕ್ಕೆ, ಅದೂ ಬಹಳ ಸಣ್ಣ ದನಿಯಲ್ಲಿ. ಅವು ಕೈಬಿಟ್ಟ ಮೇಲೆ ಊಟಕ್ಕೆ ಕೂತವರು "ಸಾಕು" ಅಂದರೆ ಬಡಿಸುವ ಆಯಿಗೆ "ಹಾಕು" ಅಂತಲೇ ಕೇಳುತ್ತದೆ.

ಹಾಗಾಗಿ ಒಳ್ಳೆಯ ಮಷೀನ್ ಎಲ್ಲ ಸದ್ದನ್ನೂ ಒಂದೇ ಸಮ ದೊಡ್ಡದು ಮಾಡುವುದಿಲ್ಲ. ಆ ಒಂದು ಕಿವಿಗೆ ಯಾವ ಸ್ವರ ಎಷ್ಟು ಕಡಿಮೆ ಬಿದ್ದಿದೆಯೋ ಅಷ್ಟನ್ನೇ ಎತ್ತಿಕೊಡುತ್ತದೆ. ಅಂಗಡಿಗೆ ಹೋದವರು ಮೊದಲು ಕಂಪನಿ ಕೇಳುತ್ತಾರೆ, ಆಮೇಲೆ ರೇಟು, ಆಮೇಲೆ "ಕಾಣಬಾರದು" ಅನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಈ ಮೂರೂ ಕೊನೆಗೆ ಬರಬೇಕು. ಮೊದಲು ನೋಡಬೇಕಾದದ್ದು ರಿಪೋರ್ಟ್, ಎರಡನೆಯದು ಕಿವಿಯೊಳಗೆ ಕೂರುವ ಅಚ್ಚು, ಮೂರನೆಯದು ಅದನ್ನು ಹೊಂದಿಸುವವರು ಯಾರು, ಅವರ ಹತ್ತಿರ ಮತ್ತೆ ಮತ್ತೆ ಹೋಗಲು ನಿಮಗೆ ಆಗುತ್ತದೆಯೇ ಅನ್ನುವುದು. ಇಪ್ಪತ್ತು ಸಾವಿರದ ಮಷೀನ್ ಸರಿಯಾಗಿ ಹೊಂದಿಸಿದರೆ, ಹೊಂದಿಸದೆ ಕೊಟ್ಟ ಒಂದೂವರೆ ಲಕ್ಷದ ಮಷೀನಿಗಿಂತ ಚೆನ್ನಾಗಿ ಮಾತು ತಿಳಿಸುತ್ತದೆ.

ಮೊದಲು ರಿಪೋರ್ಟ್

ಆಡಿಯೋಗ್ರಾಂ ಅಂದರೆ ಕಿವಿ ಪರೀಕ್ಷೆಯ ರಿಪೋರ್ಟ್. ಆ ಹಾಳೆಯಲ್ಲಿ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ ಚಿಹ್ನೆ. ಎಡದಿಂದ ಬಲಕ್ಕೆ 250ರಿಂದ 8000 ಹರ್ಟ್ಸ್, ಮೇಲಿಂದ ಕೆಳಕ್ಕೆ ಡೆಸಿಬೆಲ್, ಅಂದರೆ ಸದ್ದಿನ ಜೋರು. ಗೆರೆ ಕೆಳಗಿಳಿದಷ್ಟೂ ಕೇಳುವುದು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಅಳತೆಯಂತೆ 20ರಿಂದ 35 ಡೆಸಿಬೆಲ್ ಒಳಗೆ ಇದ್ದರೆ ಅಲ್ಪ, 35ರಿಂದ 50 ಮಧ್ಯಮ, 50ರಿಂದ 65 ಅದಕ್ಕಿಂತ ಒಂದು ಮೆಟ್ಟಿಲು ಹೆಚ್ಚು, 65ರಿಂದ 80 ತೀವ್ರ, 80 ದಾಟಿದರೆ ಅತಿ ತೀವ್ರ. ಹಳೆಯ ಅಳತೆಯ ಗಡಿಗಳು ಸ್ವಲ್ಪ ಬೇರೆ, ಎರಡೂ ಚಾಲ್ತಿಯಲ್ಲಿವೆ. ಅದಕ್ಕೆ ಹೆಸರಿಗಿಂತ ಅಂಕಿ ನೆನಪಿಡುವುದು ಮೇಲು.

ಆಡಿಯೋಗ್ರಾಂನಲ್ಲಿ ಇನ್ನೊಂದು ಗೆರೆ ಇರಬೇಕು, ಕಿವಿಯ ಹಿಂದಿನ ಎಲುಬಿನ ಮೇಲೆ ಕಂಪಕ ಇಟ್ಟು ತೆಗೆದದ್ದು. ಎಲುಬಿನ ಗೆರೆ ಚೆನ್ನಾಗಿದ್ದು ಗಾಳಿಯ ಗೆರೆ (ಕಿವಿಯೊಳಗೆ ಸದ್ದು ಬಿಟ್ಟು ತೆಗೆದದ್ದು) ಮಾತ್ರ ಕೆಳಗಿದ್ದರೆ ತೊಂದರೆ ಹೊರಗಿವಿಯಲ್ಲೋ ನಡುಗಿವಿಯಲ್ಲೋ ಇದೆ. ಗುಗ್ಗೆ ಗಟ್ಟಿಯಾಗಿರಬಹುದು, ಕಿವಿಯ ತಮಟೆಯಲ್ಲಿ ತೂತು ಇರಬಹುದು, ಕೀವು ಇರಬಹುದು, ಒಳಗಿನ ಸಣ್ಣ ಎಲುಬು ಬಿಗಿದುಕೊಂಡಿರಬಹುದು. ಇವುಗಳಲ್ಲಿ ಹೆಚ್ಚಿನವಕ್ಕೆ ಔಷಧವೋ ಆಪರೇಷನ್ನೋ ಇದೆ. ಎಲುಬಿನ ಗೆರೆಯೇ ಇಲ್ಲದ ರಿಪೋರ್ಟ್ ನೋಡಿ ಮಷೀನ್ ತಗೊಳ್ಳಬೇಡಿ. ಎರಡೂ ಗೆರೆ ಜೊತೆಯಲ್ಲೇ ಇಳಿದಿದ್ದರೆ ಅದು ಒಳಗಿವಿಯ ನರದ ತೊಂದರೆ, ಅಲ್ಲಿ ಮಷೀನೇ ಚಿಕಿತ್ಸೆ.

ಶಹಾಬಾದ್ ಕಲ್ಲು ಕೊಯ್ಯುವವರು, ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದವರು, ಕಲಬುರಗಿಯ ತೊಗರಿ ದಾಲ್ ಮಿಲ್ಲಿನವರು 4000 ಹರ್ಟ್ಸ್ ಹತ್ತಿರ ಗೆರೆ ಗುಳಿ ಬಿದ್ದಿದೆಯೇ ನೋಡಿಕೊಳ್ಳಬೇಕು. ಅದು ಸದ್ದಿನ ಏಟು. ಅಂಥವರು ಮಷೀನ್ ಹಾಕಿಕೊಂಡೇ ಮಿಲ್ಲಿನಲ್ಲಿ ನಿಲ್ಲಬಾರದು. ಮಷೀನ್ ಬಂದ್ ಮಾಡಿ ಕಿವಿಯಲ್ಲೇ ಬಿಟ್ಟರೂ ಅದು ಇಯರ್ ಪ್ಲಗ್ ಆಗುವುದಿಲ್ಲ, ಅಚ್ಚಿನಲ್ಲಿ ಗಾಳಿಯ ರಂಧ್ರ ಇರುತ್ತದೆ. ಕೆಲಸದ ಹೊತ್ತಿಗೆ ಪ್ಲಗ್, ಮನೆಗೆ ಬಂದ ಮೇಲೆ ಮಷೀನ್.

ಪರೀಕ್ಷೆ ನಡೆದ ಜಾಗವೂ ಮುಖ್ಯ. ಶಾಲೆಯ ಕೋಣೆಯಲ್ಲಿ, ಮೇಲೆ ಫ್ಯಾನ್ ತಿರುಗುತ್ತಿರುವಾಗ ಮಾಡಿದ ಶಿಬಿರದ ಪರೀಕ್ಷೆಯಲ್ಲಿ ಕೆಳಗಿನ ಸ್ವರಗಳು ಇರುವುದಕ್ಕಿಂತ ಕೆಟ್ಟದಾಗಿ ಬರುತ್ತವೆ. ಅದೇ ಅಂಕಿ ಹಾಕಿ ಮಷೀನ್ ಹೊಂದಿಸಿದರೆ ದಪ್ಪ ಸದ್ದು ವಿಪರೀತವಾಗಿ, ಬಸ್ಸಿನ ಎಂಜಿನ್ ಗುಡುಗಿದಂತಾಗಿ, ಎರಡೇ ದಿನಕ್ಕೆ ಮಷೀನ್ ಪೆಟ್ಟಿಗೆ ಸೇರುತ್ತದೆ. ಸದ್ದು ಒಳಗೆ ಬಾರದ ಕೋಣೆಯಲ್ಲಿ, ಆರು ತಿಂಗಳ ಒಳಗೆ ಮಾಡಿಸಿದ ರಿಪೋರ್ಟ್ ಇರಲಿ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಈ ಸರ್ಕಾರಿ ಮೆಡಿಕಲ್ ಕಾಲೇಜುಗಳ ಇಎನ್‌ಟಿ ವಿಭಾಗದಲ್ಲಿ ಮೊದಲು ಕಿವಿ ತೋರಿಸಿಕೊಳ್ಳಬಹುದು.

ಮಾತಿನ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ. ಆರಾಮಾಗಿ ಕೇಳುವ ದನಿಯಲ್ಲಿ ಪದ ಹೇಳಿ, ನೂರಕ್ಕೆ ಎಷ್ಟು ಸರಿ ಹೇಳುತ್ತಾರೆ ಅನ್ನುವುದು ಆ ಅಂಕಿ. ಮನೆಯಲ್ಲಿ ದಖನಿ, ಮರಾಠಿ, ತೆಲುಗು ಆಡುವವರಿಗೆ ಬರೀ ಕನ್ನಡದ ಪದಪಟ್ಟಿ ಓದಿದರೆ ಅಂಕಿ ತಪ್ಪು ಬರುತ್ತದೆ. ಔರಾದ, ಭಾಲ್ಕಿ, ಗುರುಮಠಕಲ್ ಕಡೆಯವರು ಇದನ್ನು ಮೊದಲೇ ಹೇಳಬೇಕು. ಅಂಕಿ 80, 90 ಇದ್ದರೆ ಮಷೀನಿನಿಂದ ಒಳ್ಳೆಯ ಫಲ ಸಿಗುತ್ತದೆ. 40ಕ್ಕಿಂತ ಕೆಳಗಿದ್ದರೆ ಎಷ್ಟು ದುಬಾರಿಯದು ಹಾಕಿದರೂ ಮುಖ ನೋಡಿಕೊಂಡು, ಹತ್ತಿರ ಕೂತು ಮಾತಾಡಬೇಕಾಗುತ್ತದೆ. ಇದನ್ನು ಮಾರುವ ಮೊದಲೇ ಹೇಳುವವರು ನಂಬಿಕೆಗೆ ಅರ್ಹರು.

ಆಕಾರಗಳ ಹೋಲಿಕೆ

ಆನ್‌ಲೈನಿನಲ್ಲಿ, ಸಂತೆಯಲ್ಲಿ ಸಾವಿರ ಎರಡು ಸಾವಿರಕ್ಕೆ ಸಿಗುವ "ಸೌಂಡ್ ಮಷೀನ್" ಈ ಹೋಲಿಕೆಗೇ ಬರುವುದಿಲ್ಲ. ಅದು ಬಾಗಿಲು ಬಡಿದ ಸದ್ದನ್ನೂ ಮೊಮ್ಮಗಳ ಪಿಸುಮಾತನ್ನೂ ಒಂದೇ ಲೆಕ್ಕದಲ್ಲಿ ಎತ್ತುತ್ತದೆ. ಗರಿಷ್ಠ ಸದ್ದಿಗೆ ಕಡಿವಾಣ ಇಲ್ಲದಿದ್ದರೆ ಉಳಿದ ಕಿವಿಯನ್ನೂ ಕೆಡಿಸಬಹುದು.

ಪಾಕೆಟ್ ಮಷೀನ್ ಹಳೆಯ ಕಾಲದ್ದು ಅಂತ ಮೂಗು ಮುರಿಯುವವರಿದ್ದಾರೆ. ಆದರೆ ಎಂಬತ್ತು ದಾಟಿದ, ಕೈ ನಡುಗುವ, ಮನೆಯಲ್ಲೇ ಇರುವ ಮುತ್ಯಾನಿಗೆ ಅದಕ್ಕಿಂತ ಸುಲಭದ್ದು ಇಲ್ಲ. ಪೆನ್ಸಿಲ್ ಸೆಲ್ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ, ಗುಂಡಿ ದೊಡ್ಡದು, ಶಕ್ತಿ ಜೋರು. ದೋಷಗಳೂ ಇವೆ. ಮೈಕ್ ಎದೆಯ ಮೇಲೆ ಇರುವುದರಿಂದ ಅಂಗಿ ಉಜ್ಜಿದ ಸದ್ದು ಸದಾ ಬರುತ್ತದೆ, ಯಾವ ಕಡೆಯಿಂದ ಕರೆದರು ಅಂತ ಗೊತ್ತಾಗುವುದಿಲ್ಲ, ವೈರು ಬುಡದಲ್ಲಿ ಕಡಿಯುತ್ತದೆ. ಒಂದು ವೈರು ಹೆಚ್ಚಿಗೆ ತಂದಿಡಿ.

ಕಿವಿಯ ಹಿಂದೆ ಕೂರುವ ಬಿಟಿಇ ನಮ್ಮ ಸೀಮೆಗೆ ಹೆಚ್ಚು ಹೊಂದುವಂಥದ್ದು. ಯಂತ್ರ ಹಿಂದೆ, ಟ್ಯೂಬು, ಕಿವಿಯೊಳಗೆ ಅಚ್ಚು. ಅಲ್ಪದಿಂದ ಅತಿ ತೀವ್ರ ನಷ್ಟದವರೆಗೆ ಎಲ್ಲಕ್ಕೂ ಇದರಲ್ಲಿ ಮಾದರಿ ಇದೆ. ಗುಗ್ಗೆಯೂ ಬೆವರೂ ಸೇರುವುದು ಅಚ್ಚಿಗೆ, ಯಂತ್ರಕ್ಕಲ್ಲ. ಅಚ್ಚು ಕಳಚಿ ತೊಳೆದರಾಯಿತು. ಮಕ್ಕಳಿಗೂ ಇದೇ, ಯಾಕೆಂದರೆ ಕಿವಿ ಬೆಳೆದಂತೆ ಅಚ್ಚು ಮಾತ್ರ ಬದಲಿಸಿದರೆ ಸಾಕು.

ಆರ್‌ಐಸಿ ಅನ್ನುವುದು ಇದರ ತೆಳ್ಳಗಿನ ತಂಗಿ. ಸ್ಪೀಕರ್ ಯಂತ್ರದಲ್ಲಿ ಇರುವುದಿಲ್ಲ, ಕೂದಲೆಳೆಯಂಥ ವೈರಿನ ತುದಿಯಲ್ಲಿ ಕಿವಿಯೊಳಗೇ ಇರುತ್ತದೆ. ದನಿ ತಿಳಿ. ಕೆಳಗಿನ ಸ್ವರ ಚೆನ್ನಾಗಿದ್ದು ಮೇಲಿನದು ಮಾತ್ರ ಇಳಿದಿರುವ 40, 50 ಡೆಸಿಬೆಲ್‌ನ ನಿವೃತ್ತ ಮಾಸ್ತರರಿಗೆ, ಅಂಗಡಿಯವರಿಗೆ ಇದು ಬಹಳ ಹಿತ. ಆದರೆ ಆ ಸ್ಪೀಕರ್ ಗುಗ್ಗೆ ಮತ್ತು ಬೆವರಿನ ಬಾಯಲ್ಲೇ ಇರುತ್ತದೆ. ಅದರ ತುದಿಯ ಬಿಳಿ ಜಾಲರಿ ಕಟ್ಟಿದರೆ ಸದ್ದು ನಿಲ್ಲುತ್ತದೆ. ಒಳಕ್ಕೆ ಇಳಿದರೆ ಸ್ಪೀಕರನ್ನೇ ಬದಲಿಸಬೇಕು, ಅದು ಕೆಲವು ಸಾವಿರದ ಮಾತು. ಕಿವಿ ಸೋರುವವರಿಗೆ ಇದು ಬೇಡವೇ ಬೇಡ.

ಕಿವಿಯ ಕಾಲುವೆಯೊಳಗೇ ಅಡಗುವ ಸಿಐಸಿ ಬಗೆಗೆ ಕೇಳುವವರು ಬಹಳ, ಅದು ಹೊಂದುವವರು ಕಡಿಮೆ. ನಷ್ಟ 65 ದಾಟಿದ್ದರೆ ಶಕ್ತಿ ಸಾಲದು. ಜಾಗ ಇಲ್ಲದ್ದರಿಂದ ಸಾಮಾನ್ಯವಾಗಿ ಒಂದೇ ಮೈಕ್, ಅಂದರೆ ಗದ್ದಲದಲ್ಲಿ ಎದುರಿನವರ ದನಿಯನ್ನು ಬೇರ್ಪಡಿಸುವ ಸೌಲಭ್ಯ ಇಲ್ಲ. ಸೆಲ್ 10 ನಂಬರಿನದು, ಅಗಲ 5.8 ಮಿಲಿಮೀಟರ್. ಕುಡುಗೋಲು ಹಿಡಿದು ಗಟ್ಟಿಯಾದ ಬೆರಳಿಗೆ ಅದನ್ನು ತಿರುಗಿಸಿ ಕೂರಿಸುವುದು ಆಗದ ಕೆಲಸ.

ತಲೆಯ ಮೇಲಿನ ಬಟ್ಟೆಯ ವಿಚಾರ ಕಂಪನಿಯ ಹಾಳೆಯಲ್ಲಿ ಇರುವುದಿಲ್ಲ. ಸೆರಗು ಹೊದ್ದವರಿಗೆ, ಬುರ್ಖಾ ಹಾಕುವವರಿಗೆ, ರುಮಾಲು ಸುತ್ತುವವರಿಗೆ ಕಿವಿಯ ಹಿಂದಿನ ಮೈಕಿಗೆ ಬಟ್ಟೆ ಉಜ್ಜಿ ಸರಸರ ಅನ್ನುತ್ತದೆ. ಬಿಗಿಯಾಗಿ ಸುತ್ತಿದರೆ ಸದ್ದು ತಿರುಗಿ ಮೈಕಿಗೆ ಹೋಗಿ ಸೀಟಿ ಹೊಡೆಯುತ್ತದೆ. ಟ್ರಯಲ್‌ಗೆ ಹೋಗುವಾಗ ದಿನಾ ಹೊದೆಯುವ ಹಾಗೆಯೇ ಹೊದ್ದುಕೊಂಡು ಹೋಗಿ, ಹೊಂದಿಸುವವರ ಎದುರಿಗೆ ತಲೆ ಅತ್ತಿತ್ತ ತಿರುಗಿಸಿ ತೋರಿಸಿ. ಕಿವಿಯ ಬಟ್ಟಲಲ್ಲಿ ಕೂರುವ ಐಟಿಸಿ ಮಾದರಿಗೆ ಈ ಉಜ್ಜಾಟ ಕಡಿಮೆ.

ಅಚ್ಚೋ, ರೆಡಿಮೇಡ್ ಡೋಮೋ

ಸೀಟಿ ಹೊಡೆಯುವ, ಜಾರಿ ಬೀಳುವ, ಕಿವಿ ನೋಯಿಸುವ ಮಷೀನುಗಳಲ್ಲಿ ಹೆಚ್ಚಿನವಕ್ಕೆ ಯಂತ್ರ ಕಾರಣ ಅಲ್ಲ, ಕಿವಿಯೊಳಗೆ ಇಟ್ಟದ್ದು ಕಾರಣ. ಡೋಮ್ ಅಂದರೆ ಛತ್ರಿಯಾಕಾರದ ಸಿಲಿಕಾನ್ ತುದಿ, ಮೂರು ನಾಲ್ಕು ಅಳತೆಯಲ್ಲಿ ಸಿದ್ಧ ಸಿಗುತ್ತದೆ. ಕೆಳಗಿನ ಸ್ವರ ಚೆನ್ನಾಗಿರುವವರಿಗೆ ತೂತಿನ ಡೋಮ್ ಸರಿ, ಕಿವಿ ಮುಚ್ಚಿದಂತಾಗುವುದಿಲ್ಲ. ನಷ್ಟ 60 ದಾಟಿದ ಮೇಲೂ ಡೋಮಿನಲ್ಲೇ ಕೆಲಸ ಮುಗಿಸುವುದು ಅಂಗಡಿಯ ಅನುಕೂಲವೇ ಹೊರತು ನಿಮ್ಮದಲ್ಲ. ಎತ್ತಿದ ಸದ್ದು ಸಂದಿಯಿಂದ ಸೋರಿಹೋಗುತ್ತದೆ, ಸೀಟಿ ತಡೆಯಲು ಹೊಂದಿಸುವವರು ಮೇಲಿನ ಸ್ವರ ಇಳಿಸುತ್ತಾರೆ, ನೀವು ಹಣ ಕೊಟ್ಟದ್ದೇ ಆ ಸ್ವರಗಳಿಗೆ.

ಅಚ್ಚು ತೆಗೆಯುವ ಕ್ರಮ ಗೊತ್ತಿದ್ದರೆ ಒಳ್ಳೆಯ ಕೈ ಯಾವುದು ಅಂತ ಅಲ್ಲೇ ತಿಳಿಯುತ್ತದೆ. ಮೊದಲು ಬೆಳಕು ಹಾಕಿ ಕಿವಿ ನೋಡಬೇಕು. ಗುಗ್ಗೆ, ತೂತು, ಕೀವು ಇದ್ದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರ ಹತ್ತಿರ ಕಳಿಸಬೇಕು. ಆಮೇಲೆ ದಾರ ಕಟ್ಟಿದ ಹತ್ತಿ ಇಲ್ಲವೇ ಸ್ಪಂಜಿನ ತುಂಡನ್ನು ಕಾಲುವೆಯ ಎರಡನೆಯ ತಿರುವು ದಾಟಿಸಿ ಇಡುತ್ತಾರೆ, ಅಚ್ಚು ತೆಗೆಯುವ ಮಸಾಲೆ ತಮಟೆಗೆ ತಾಗದಿರಲಿ ಅಂತ. ಎರಡು ಬಣ್ಣದ ಸಿಲಿಕಾನ್ ಕಲಸಿ ಸಿರಿಂಜಿನಿಂದ ಒಳಗಿನಿಂದ ಹೊರಕ್ಕೆ ತುಂಬುತ್ತಾರೆ. ಸುಮಾರು ಐದು ನಿಮಿಷಕ್ಕೆ ಗಟ್ಟಿಯಾಗುತ್ತದೆ. ಹೊರತೆಗೆದ ಅಚ್ಚಿನಲ್ಲಿ ಎರಡು ತಿರುವೂ ಕಾಣಬೇಕು, ಗುಳ್ಳೆ, ಸೀಳು ಇರಬಾರದು. ಕಂಡರೆ ಮತ್ತೊಮ್ಮೆ ತೆಗೆಯಲು ಹೇಳಿ, ಸಂಕೋಚ ಬೇಡ. ಹತ್ತಿ ಇಡದೆ ಮಸಾಲೆ ತುಂಬಲು ಬಂದವರ ಮುಂದಿನಿಂದ ಎದ್ದು ಬನ್ನಿ.

ಗಟ್ಟಿ ಅಕ್ರಿಲಿಕ್ ಅಚ್ಚು ವಯಸ್ಸಾದ ಬೆರಳಿಗೆ ಹಾಕಲು ಸುಲಭ, ಬಾಳಿಕೆ ಹೆಚ್ಚು. ಮೆತ್ತನೆಯ ಸಿಲಿಕಾನ್ ಅಚ್ಚು ಮಕ್ಕಳಿಗೆ ಮತ್ತು ತೀವ್ರ ನಷ್ಟದವರಿಗೆ, ಸೋರುವುದು ಕಡಿಮೆ. ಅಚ್ಚಿನಲ್ಲಿ ಒಂದರಿಂದ ಮೂರು ಮಿಲಿಮೀಟರಿನ ಗಾಳಿಯ ರಂಧ್ರ ಇಡುತ್ತಾರೆ. "ನನ್ನ ದನಿ ನನಗೇ ಡಬ್ಬಿಯೊಳಗಿಂದ ಬಂದಂಗ ಆಗ್ತದ" ಅನ್ನುವವರಿಗೆ ರಂಧ್ರ ದೊಡ್ಡದು ಮಾಡಿದರೆ ಹಗುರಾಗುತ್ತದೆ. ತೀವ್ರ ನಷ್ಟದವರಿಗೆ ಮಾತ್ರ ದೊಡ್ಡ ರಂಧ್ರ ಎಂದರೆ ಮತ್ತೆ ಸೀಟಿ. ಟ್ಯೂಬು ಹಳದಿಯಾಗಿ ಬಿರುಸಾದರೆ ಬದಲಿಸಬೇಕು, ಮೂರರಿಂದ ಆರು ತಿಂಗಳಿಗೊಮ್ಮೆ. ನಮ್ಮ ಬೇಸಿಗೆಗೆ ಮೂರೇ ತಿಂಗಳು ಅಂದುಕೊಳ್ಳಿ. ಹಸುಗೂಸುಗಳ ಅಚ್ಚು ಕೆಲವೇ ತಿಂಗಳಿಗೆ ಸಡಿಲಾಗುತ್ತದೆ, ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಸೆಲ್ ಹಾಕುವುದೋ, ಚಾರ್ಜ್ ಮಾಡುವುದೋ

ಸೆಲ್ಲಿನ ನಂಬರು ಸ್ಟಿಕರಿನ ಬಣ್ಣದಿಂದ ಗೊತ್ತಾಗುತ್ತದೆ: 10 ಹಳದಿ, 312 ಕಂದು, 13 ಕಿತ್ತಳೆ, 675 ನೀಲಿ. ಇವು ಗಾಳಿ ಕುಡಿದು ಓಡುವ ಸೆಲ್‌ಗಳು. ಸ್ಟಿಕರ್ ಕಿತ್ತ ಮೇಲೆ ಎರಡು ಮೂರು ನಿಮಿಷ ಹಾಗೇ ಬಿಟ್ಟು ಆಮೇಲೆ ಹಾಕಿದರೆ ಪೂರ್ತಿ ಶಕ್ತಿ ಬರುತ್ತದೆ. ಕಿತ್ತ ಕೂಡಲೇ ಹಾಕಿ ಬಾಗಿಲು ಮುಚ್ಚಿದರೆ "ಹೊಸ ಸೆಲ್ಲೇ ಸತ್ತದ" ಅನ್ನಿಸುತ್ತದೆ. ಮತ್ತೆ ಸ್ಟಿಕರ್ ಅಂಟಿಸಿದರೂ ಉಳಿತಾಯ ಆಗುವುದಿಲ್ಲ. ಕಲಬುರಗಿಯ ಏಪ್ರಿಲ್, ಮೇ ತಿಂಗಳ ಒಣ ಬಿಸಿಲಿಗೆ ತೆರೆದ ಸೆಲ್ಲಿನೊಳಗಿನ ತೇವ ಆರಿ, ಹತ್ತು ದಿನ ಬರುವುದು ಏಳೆಂಟಕ್ಕೇ ಮುಗಿಯಬಹುದು. ಅದು ಯಂತ್ರದ ದೋಷ ಅಲ್ಲ. ಲೆಕ್ಕ ಹೀಗೆ: 13 ನಂಬರಿನ ಸೆಲ್ ಹತ್ತು ದಿನ ಬಂದರೆ ಎರಡು ಕಿವಿಗೆ ವರ್ಷಕ್ಕೆ 73 ಸೆಲ್, ಆರರ ಪಾಕೀಟು ಹನ್ನೆರಡು, ಮೇಲೊಂದು ಸೆಲ್. ಪಾಕೀಟಿಗೆ 200 ರೂಪಾಯಿ ಹಿಡಿದರೆ ವರ್ಷಕ್ಕೆ 2,400.

ಚಾರ್ಜ್ ಆಗುವವು ಮೂರು ನಾಲ್ಕು ತಾಸು ಇಟ್ಟರೆ ಇಡೀ ದಿನ ನಡೆಯುತ್ತವೆ. ಬೆರಳಿನ ತ್ರಾಸು ಇರುವವರಿಗೆ ವರದಾನ. ಆದರೆ ಒಳಗಿನ ಲಿಥಿಯಂ ಬ್ಯಾಟರಿ ನಾಲ್ಕೈದು ವರ್ಷಕ್ಕೆ ಸೋಲುತ್ತದೆ, ಹಲವು ಮಾದರಿಗಳಲ್ಲಿ ಅದನ್ನು ಊರಲ್ಲಿ ಬದಲಿಸಲು ಆಗದೆ ಕಂಪನಿಗೇ ಕಳಿಸಬೇಕು. ರಾತ್ರಿ ಕರೆಂಟು ಹೋಗುವ ಊರಾದರೆ ಪವರ್ ಬ್ಯಾಂಕಿನಿಂದ ಚಾರ್ಜ್ ಆಗುವ ಇಲ್ಲವೇ ತನ್ನೊಳಗೇ ಬ್ಯಾಟರಿ ಇರುವ ಪೆಟ್ಟಿಗೆಯನ್ನೇ ಕೇಳಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮರೆತು ಬಂದರೆ ಬ್ಯಾಟರಿಯ ಆಯಸ್ಸು ಅಲ್ಲೇ ಕರಗುತ್ತದೆ. ಹಳ್ಳಿಯಲ್ಲಿರುವ, ಬೆರಳು ಚುರುಕಾಗಿರುವ ರೈತರಿಗೆ ನಮ್ಮ ಸಲಹೆ 13 ನಂಬರಿನ ಸೆಲ್ಲೇ. ಮನೆಯಲ್ಲಿ ಕೂಸು ಇದ್ದರೆ ಸೆಲ್ ಪೆಟ್ಟಿಗೆ ಎತ್ತರದಲ್ಲಿರಲಿ. ಗುಂಡಿ ಸೆಲ್ ನುಂಗಿದ ಮಗುವನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ರೇಟು ಎಲ್ಲಿಂದ ಎಲ್ಲಿಗೆ

ಕಂಪ್ಯೂಟರಿನಲ್ಲಿ ಹೊಂದಿಸಬಹುದಾದ ಸಾದಾ ಡಿಜಿಟಲ್ ಬಿಟಿಇ ಒಂದು ಕಿವಿಗೆ ಸುಮಾರು ಹತ್ತರಿಂದ ಇಪ್ಪತ್ತೈದು ಸಾವಿರ. ನಡುವಿನ ದರ್ಜೆಯ ಆರ್‌ಐಸಿ ನಲವತ್ತು ಸಾವಿರದಿಂದ ಲಕ್ಷದ ತನಕ. ಅದರ ಮೇಲಕ್ಕೆ ಕೊನೆಯಿಲ್ಲ. ಶ್ರವಣ ಸಾಧನಕ್ಕೆ ಜಿಎಸ್‌ಟಿ ಇಲ್ಲ. ಬಿಲ್ಲಿನಲ್ಲಿ ಮಷೀನಿಗೆ ತೆರಿಗೆ ಹಾಕಿದ್ದರೆ ಪ್ರಶ್ನಿಸಿ.

ರೇಟು ಏರುವುದು "ಚಾನೆಲ್" ಲೆಕ್ಕದಲ್ಲಿ, ಅಂದರೆ ಸ್ವರಗಳನ್ನು ಎಷ್ಟು ಪಾಲು ಮಾಡಿ ಬೇರೆ ಬೇರೆ ಹೊಂದಿಸಬಹುದು ಅನ್ನುವುದರ ಮೇಲೆ ಅಂತ ಹೇಳುತ್ತಾರೆ. ಎಂಟು ಹತ್ತು ಚಾನೆಲ್ ಆದ ಮೇಲೆ ಮಾತು ತಿಳಿಯುವುದರಲ್ಲಿ ಆಗುವ ಲಾಭ ಸಣ್ಣದು. ನಿಜವಾಗಿ ಬೆಲೆ ಕೊಡಬೇಕಾದದ್ದು ಎರಡು ಮೈಕ್ ಇದ್ದು ಎದುರಿನ ದನಿ ಹಿಡಿಯುವ ಶಕ್ತಿಗೆ, ಸೀಟಿ ತಡೆಯುವುದಕ್ಕೆ, ಜೋರು ಸದ್ದಿಗೆ ಮಿತಿ ಹಾಕುವುದಕ್ಕೆ, ಧೂಳು ನೀರು ತಡೆಯುವ ಐಪಿ68 ದರ್ಜೆಗೆ. "ಗದ್ದಲ ಕಡಿಮೆ ಮಾಡುತ್ತದೆ" ಅನ್ನುವ ಸೌಲಭ್ಯ ಕಿವಿಗೆ ಹಿತ ಕೊಡುತ್ತದೆ, ಮಾತನ್ನು ಹೆಚ್ಚೇನೂ ತಿಳಿಗೊಳಿಸುವುದಿಲ್ಲ. ಮದುವೆ ಮನೆಯಲ್ಲಿ, ಶರಣಬಸವೇಶ್ವರರ ಜಾತ್ರೆಯಲ್ಲಿ ಎರಡು ಲಕ್ಷದ ಮಷೀನಿಗೂ ಮಾತಾಡುವವರು ಮೂರಡಿ ಹತ್ತಿರ ಬರಲೇಬೇಕು.

ಕಂಪನಿಗಳ ನಡುವೆ ತೂಗಿ ತಲೆ ಕೆಡಿಸಿಕೊಳ್ಳುವುದು ಬೇಡ. ಫೋನಾಕ್ ಸೊನೋವಾ ಗುಂಪಿನದು, ಓಟಿಕಾನ್ ಡಿಮ್ಯಾಂಟ್‌ನದು, ರೀಸೌಂಡ್ ಜಿಎನ್‌ನದು, ಸಿಗ್ನಿಯಾ ವೈಡೆಕ್ಸ್ ಎರಡೂ ಡಬ್ಲ್ಯೂಎಸ್ ಆಡಿಯಾಲಜಿಯವು, ಸ್ಟಾರ್ಕಿ ಅಮೆರಿಕದ್ದು. ಒಂದೇ ದರ್ಜೆಯಲ್ಲಿ ಇವು ಹೆಚ್ಚುಕಡಿಮೆ ಸರಿಸಮ. ಕೇಳಬೇಕಾದ ಪ್ರಶ್ನೆ ಬೇರೆ: ಈ ಮಷೀನನ್ನು ಬೇರೆ ಊರಿನ ಬೇರೆ ಆಡಿಯಾಲಜಿಸ್ಟ್ (ಕಿವಿ ಪರೀಕ್ಷಿಸಿ ಮಷೀನ್ ಹೊಂದಿಸುವವರು) ಹೊಂದಿಸಬಹುದೇ? ಕೆಲವು ಸರಣಿ ಅಂಗಡಿಗಳು ತಮ್ಮ ಸಾಫ್ಟ್‌ವೇರಿನಲ್ಲಿ ಮಾತ್ರ ತೆರೆಯುವಂಥದ್ದನ್ನು ಮಾರುತ್ತವೆ. ಆ ಅಂಗಡಿ ಮುಚ್ಚಿದ ದಿನ ನಿಮ್ಮ ಮಷೀನೂ ಅನಾಥ.

ಹೊಂದಿಸುವವರ ಹೋಲಿಕೆ

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಕಾಣುವುದು ಇಲ್ಲಿ. ಆಡಿಯಾಲಜಿಸ್ಟ್ ಅಂದರೆ ವಾಕ್ ಶ್ರವಣ ಪದವಿ ಪಡೆದು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು. ನೋಂದಣಿ ಸಂಖ್ಯೆ ರಿಪೋರ್ಟಿನ ಕೆಳಗೆ ಇರಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ವಿದ್ಯೆಗೆ ದೇಶದಲ್ಲೇ ದೊಡ್ಡ ಹೆಸರು. ಕಷ್ಟದ ಕೇಸುಗಳಿಗೆ ಅಲ್ಲಿಯ ತನಕ ಹೋಗುವುದು ದಂಡ ಅಲ್ಲ.

ರಿಪೋರ್ಟಿನ ಅಂಕಿ ತುಂಬಿ "ಫಸ್ಟ್ ಫಿಟ್" ಒತ್ತಿದರೆ ಕಂಪ್ಯೂಟರು ಸರಾಸರಿ ಕಿವಿಯೊಂದನ್ನು ಊಹಿಸಿಕೊಂಡು ಹೊಂದಿಸುತ್ತದೆ. ಹತ್ತು ನಿಮಿಷದ ಕೆಲಸ. ನಿಮ್ಮ ಕಾಲುವೆ ಸರಾಸರಿಗಿಂತ ಅಗಲವೋ ಇಕ್ಕಟ್ಟೋ ಅದಕ್ಕೆ ತಿಳಿಯದು. ಮೇಲಿನ ಸ್ವರಗಳಲ್ಲಿ ಹತ್ತು ಡೆಸಿಬೆಲ್ ಕಡಿಮೆ ಬೀಳುವುದು ಸಾಮಾನ್ಯ, "ಸಾಕು" ಮತ್ತೆ "ಹಾಕು" ಆಗಲು ಅಷ್ಟು ಸಾಕು. ಸರಿಯಾದ ವಿಧಾನ ರಿಯಲ್ ಇಯರ್ ಅಳತೆ. ಮೆತ್ತನೆಯ ಸಣ್ಣ ನಳಿಕೆಯನ್ನು ತಮಟೆಗೆ ಸುಮಾರು ಐದು ಮಿಲಿಮೀಟರ್ ಹತ್ತಿರ ಇಟ್ಟು, ಅದರ ಮೇಲೆ ಮಷೀನ್ ಹಾಕಿ, ಎದುರಿನ ಸ್ಪೀಕರಿನಿಂದ ಮಾತಿನಂಥ ಸದ್ದನ್ನು ಸಣ್ಣ, ನಡುವಿನ, ಜೋರು ದನಿಯಲ್ಲಿ ಬಿಡುತ್ತಾರೆ. ತಮಟೆಯ ಹತ್ತಿರ ನಿಜಕ್ಕೂ ಎಷ್ಟು ಸದ್ದು ಮುಟ್ಟಿತು ಅನ್ನುವುದು ಪರದೆಯ ಮೇಲೆ ಗೆರೆಯಾಗಿ ಬರುತ್ತದೆ. ಮುಟ್ಟಬೇಕಾದ ಗೆರೆಗೆ ಅದು ಐದು ಡೆಸಿಬೆಲ್ ಆಸುಪಾಸಿಗೆ ಬರುವ ತನಕ ತಿದ್ದುತ್ತಾರೆ. ನೋವಿಲ್ಲ, ಎರಡು ಕಿವಿಗೆ ಅರ್ಧ ತಾಸು.

ಈ ಉಪಕರಣ ಇಲ್ಲದ ಕಡೆ ಕನಿಷ್ಠ ಇಷ್ಟು ಮಾಡಿಸಿ: ಮಷೀನ್ ಇಲ್ಲದೆ ಒಮ್ಮೆ, ಹಾಕಿಕೊಂಡು ಒಮ್ಮೆ, ಅದೇ ಕೋಣೆಯಲ್ಲಿ ಅದೇ ದನಿಯಲ್ಲಿ, ಬಾಯಿ ಕಾಣದಂತೆ ಇಪ್ಪತ್ತೈದು ಪದ. ಎರಡೂ ಅಂಕಿಯನ್ನು ಬರೆಸಿಕೊಳ್ಳಿ. ಹತ್ತು ದಿನದ ಟ್ರಯಲ್ ಕೇಳಿ. ಹಾಕಿದ ಕೂಡಲೇ ಗುರಿಯ ಪೂರ್ತಿ ಸದ್ದು ಕೊಟ್ಟರೆ ವರ್ಷಗಟ್ಟಲೆ ಮೌನಕ್ಕೆ ಒಗ್ಗಿದ ಮಿದುಳು ತಡೆಯುವುದಿಲ್ಲ. ಸ್ವಲ್ಪ ಕೆಳಗಿನಿಂದ ಸುರುಮಾಡಿ ಮೂರು ನಾಲ್ಕು ಭೇಟಿಯಲ್ಲಿ ಏರಿಸಬೇಕು. ಮೊದಲ ವಾರ ದಿನಕ್ಕೆ ಎರಡು ಮೂರು ತಾಸು, ಮನೆಯೊಳಗೆ, ಒಬ್ಬರೊಡನೆ ಮಾತು. ಒಂದು ತಿಂಗಳಿಗೆ ಎದ್ದಾಗಿನಿಂದ ಮಲಗುವ ತನಕ. ಹಾಕಿದ್ದೀರೋ ಇಲ್ಲವೋ ಅನ್ನುವ ತಾಸಿನ ಲೆಕ್ಕ ಮಷೀನಿನೊಳಗೇ ದಾಖಲಾಗುತ್ತದೆ, ಆಡಿಯಾಲಜಿಸ್ಟ್ ಮುಂದೆ ಮುಚ್ಚಿಡಲು ಆಗದು.

ಬೀದರಿನವರು ಹೈದರಾಬಾದಿಗೆ, ಕಲಬುರಗಿಯವರು ಸೊಲ್ಲಾಪುರಕ್ಕೆ ಹೋಗಿ ತರುವುದುಂಟು. ಅಲ್ಲಿ ಆಯ್ಕೆ ಹೆಚ್ಚು, ರಿಯಾಯಿತಿಯೂ ಇರಬಹುದು. ಆದರೆ ಮೊದಲ ವಾರ, ತಿಂಗಳು, ಮೂರು ತಿಂಗಳು, ಆಮೇಲೆ ಆರು ತಿಂಗಳಿಗೊಮ್ಮೆ, ಇಷ್ಟು ಭೇಟಿ ಆಗಲೇಬೇಕು. ಪ್ರತಿ ಸಲವೂ ಅಪ್ಪನ ಜೊತೆ ಒಬ್ಬರು ಕೆಲಸ ಬಿಟ್ಟು ಹೋಗಬೇಕು. ಪರೀಕ್ಷೆ ದೂರದಲ್ಲಿ ಆದರೂ ಆಗಲಿ, ಮಷೀನ್ ಮಾತ್ರ ಮಧ್ಯಾಹ್ನಕ್ಕೆ ಹೋಗಿ ಸಂಜೆಗೆ ಬರುವಷ್ಟು ಹತ್ತಿರ ತಗೊಳ್ಳಿ.

ಎರಡೂ ಕಿವಿ ಮಂದವಾಗಿದ್ದರೆ ಎರಡಕ್ಕೂ ಹಾಕಬೇಕು. ದಿಕ್ಕು ತಿಳಿಯುವುದು, ಗದ್ದಲದಲ್ಲಿ ಮಾತು ಹಿಡಿಯುವುದು ಎರಡು ಕಿವಿಯ ಕೆಲಸ. ಒಂದಕ್ಕೇ ಹಣ ಇದ್ದರೆ ಮಾತಿನ ಪರೀಕ್ಷೆಯಲ್ಲಿ ಹೆಚ್ಚು ಅಂಕಿ ಬಂದ ಕಿವಿಗೆ ಹಾಕಿಸಿ, ಲಕ್ಷದ ಒಂದರ ಬದಲು ಸಾದಾ ಎರಡರ ಕಡೆ ಒಮ್ಮೆ ನೋಡಿ.

ಸರ್ಕಾರದಿಂದ ಸಿಗುವುದು

ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಎಡಿಪ್ ಯೋಜನೆಯಡಿ 40 ಶೇಕಡ ಇಲ್ಲವೇ ಹೆಚ್ಚು ಅಂಗವೈಕಲ್ಯ ಇದ್ದವರಿಗೆ, ತಿಂಗಳ ಆದಾಯ 22,500 ರೂಪಾಯಿಯೊಳಗೆ ಇದ್ದರೆ ಸಾಧನ ಪೂರ್ತಿ ಉಚಿತ, 30,000ದ ತನಕ ಅರ್ಧ ನೆರವು. ಮಷೀನ್ ಬರುವುದು ಹೆಚ್ಚಾಗಿ ಕಾನ್ಪುರದ ಸರ್ಕಾರಿ ಕಂಪನಿ ಅಲಿಮ್ಕೊದಿಂದ. ಮೊದಲು ತಪಾಸಣೆ ಶಿಬಿರ, ಕೆಲವು ತಿಂಗಳ ನಂತರ ಹಂಚಿಕೆ ಶಿಬಿರ. ಒಮ್ಮೆ ಪಡೆದರೆ ಮೂರು ವರ್ಷ ಅದೇ ಸಾಧನ ಮತ್ತೆ ಸಿಗದು, 12ರ ಒಳಗಿನ ಮಕ್ಕಳಿಗೆ ಒಂದು ವರ್ಷ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಮಾಡಿಸಲು ಊರಿನ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು (ಎಂಆರ್‌ಡಬ್ಲ್ಯೂ) ಹಿಡಿಯಿರಿ.

ಇಲ್ಲೊಂದು ತೊಡಕಿದೆ. 2016ರ ಕಾಯ್ದೆಯಲ್ಲಿ ಮಂದಶ್ರವಣ ಅಂದರೆ ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬೆಲ್ ನಷ್ಟ. 50 ಡೆಸಿಬೆಲ್ ನಷ್ಟ ಇರುವ ಅವ್ವನಿಗೆ ಮಷೀನ್ ಖಂಡಿತ ಬೇಕು, ಎಡಿಪ್ ನೆರವು ಮಾತ್ರ ಸಿಗುವುದು ಕಷ್ಟ. 60 ವರ್ಷ ದಾಟಿದ ಬಿಪಿಎಲ್ ಕುಟುಂಬದವರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆ ಬೇರೆ ದಾರಿ. ಅದರಲ್ಲಿ ಶ್ರವಣ ಸಾಧನವೂ ಸೇರಿದೆ.

ಉಚಿತದ ಮಷೀನ್ ಕೆಲಸಕ್ಕೆ ಬಾರದ್ದು ಅನ್ನುವುದು ಅನ್ಯಾಯ. ಅದು ಸೋಲುವುದು ರೆಡಿಮೇಡ್ ತುದಿ ಹಾಕಿ, ಒಂದೇ ಮಟ್ಟದಲ್ಲಿ ಕೊಟ್ಟು ಕಳಿಸಿದಾಗ. ಅದನ್ನೇ ಹತ್ತಿರದ ಆಡಿಯಾಲಜಿಸ್ಟ್ ಹತ್ತಿರ ಒಯ್ದು, ಕೈಯಿಂದ ಖರ್ಚು ಮಾಡಿ ಸ್ವಂತ ಅಚ್ಚು ಮಾಡಿಸಿ, ರಿಪೋರ್ಟಿಗೆ ತಕ್ಕ ಹಾಗೆ ಹೊಂದಿಸಿಕೊಡಲು ಕೇಳಿ. ಎಷ್ಟೋ ಮನೆಗಳಿಗೆ ಇದೇ ಎಲ್ಲಕ್ಕಿಂತ ಒಳ್ಳೆಯ ವ್ಯವಹಾರ.

ಕೂಸುಗಳ ಮಾತು ಬೇರೆ. ಹುಟ್ಟಿದ ತಿಂಗಳೊಳಗೆ ಒಎಇ (ಒಳಗಿವಿಯ ಪ್ರತಿಧ್ವನಿ ನೋಡುವ) ತಪಾಸಣೆ, ಮೂರು ತಿಂಗಳೊಳಗೆ ಬೆರಾ (ಸದ್ದಿಗೆ ನರ, ಮಿದುಳು ಸ್ಪಂದಿಸುವುದನ್ನು ಅಳೆಯುವ) ಪರೀಕ್ಷೆಯಿಂದ ಖಾತ್ರಿ, ಆರು ತಿಂಗಳೊಳಗೆ ಮಷೀನ್. ಮಷೀನಿನಿಂದ ಮಾತು ಮುಟ್ಟದಷ್ಟು ನಷ್ಟ ಇದ್ದರೆ ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್, ಅದಕ್ಕೆ ರಾಜ್ಯದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶ್ರವಣ ಸಂಜೀವಿನಿ ಕಾರ್ಯಕ್ರಮ ಇದೆ. "ಅವರಪ್ಪನೂ ತಡವಾಗೇ ಮಾತಾಡಿದ್ದ" ಅಂತ ಕಾಯುವ ಒಂದೊಂದು ತಿಂಗಳೂ ಮಗುವಿನ ಮಾತಿಗೆ ಬೀಳುವ ಪೆಟ್ಟು.

ದಿನದ ಆರೈಕೆ, ಕೆಟ್ಟಾಗ ಮೊದಲು ನೋಡುವುದು

ರಾತ್ರಿ ತೆಗೆದು ಸೆಲ್ಲಿನ ಬಾಗಿಲು ತೆರೆದಿಡಿ, ಒಣಬಟ್ಟೆಯಿಂದ ಒರೆಸಿ ಸಿಲಿಕಾ ಮಣಿ ಇರುವ ಡಬ್ಬಿಗೆ ಹಾಕಿ. ಮಣಿಯ ಬಣ್ಣ ತಿರುಗಿದರೆ ಬದಲಿಸಬೇಕು. ವಾರಕ್ಕೊಮ್ಮೆ ಅಚ್ಚನ್ನು ಟ್ಯೂಬಿನ ಸಮೇತ ಯಂತ್ರದಿಂದ ಕಳಚಿ, ಉಗುರುಬೆಚ್ಚಗಿನ ಸಾಬೂನು ನೀರಲ್ಲಿ ತೊಳೆದು, ಊದುಬುರುಡೆಯಿಂದ ನೀರು ಊದಿ, ರಾತ್ರಿಯಿಡೀ ಆರಲು ಬಿಡಿ. ಟ್ಯೂಬಿನ ಬಾಗಿನಲ್ಲಿ ಸಾಸಿವೆಯಷ್ಟು ಹನಿ ನಿಂತರೂ ಸದ್ದು ಪೂರ್ತಿ ಕಟ್ಟುತ್ತದೆ. ಮಷೀನ್ ಸತ್ತಿತೆಂದು ತರುವವರಲ್ಲಿ ಇದೂ ಒಂದು ಕಾರಣ. ಜೋಳದ ರಾಶಿ ಮಾಡುವಾಗ, ತೊಗರಿ ಒಕ್ಕುವಾಗ ತೆಗೆದಿಡಿ, ಹೊಟ್ಟು ಮೈಕಿನ ಕಿಂಡಿ ಮುಚ್ಚುತ್ತದೆ. ಕಿವಿಗೆ ಎಣ್ಣೆ ಬಿಡುವ ರೂಢಿ ನಿಲ್ಲಿಸಬೇಕು. ತಮಟೆಯಲ್ಲಿ ತೂತಿದ್ದರೆ ಅದು ಕೀವಿಗೆ ದಾರಿ, ಆರ್‌ಐಸಿ ಸ್ಪೀಕರಿಗಂತೂ ವಿಷ.

ಮನೆಯವರು ದಿನಾ ಬೆಳಿಗ್ಗೆ ಆರಡಿ ದೂರದಿಂದ, ಬಾಯಿ ಮರೆಮಾಡಿ ಆರು ದನಿ ಹೇಳಿ ನೋಡಿ: ಮ್, ಊ, ಈ, ಆ, ಶ್, ಸ್. ನಿನ್ನೆ ಕೇಳಿದ್ದು ಇವತ್ತು ಕೇಳದಿದ್ದರೆ ಮಷೀನಿನಲ್ಲಿ ಏನೋ ಆಗಿದೆ. ಸದ್ದೇ ಇಲ್ಲವೆಂದರೆ ಸೆಲ್, ಸೆಲ್ ತಲೆಕೆಳಗಾಗಿ ಕೂತಿದೆಯೇ ಅನ್ನುವುದು, ಜಾಲರಿ, ಟ್ಯೂಬಿನ ಹನಿ, ಈ ಕ್ರಮದಲ್ಲಿ ನೋಡಿ. ಸೀಟಿ ಹೊಡೆದರೆ ಅಚ್ಚು ಪೂರ್ತಿ ಕೂತಿಲ್ಲ, ಇಲ್ಲವೇ ಕಿವಿಯಲ್ಲಿ ಗುಗ್ಗೆ ತುಂಬಿದೆ, ಇಲ್ಲವೇ ಟ್ಯೂಬು ಸೀಳಿದೆ. ಸದ್ದು ಬಿಟ್ಟು ಬಿಟ್ಟು ಬಂದರೆ ಹೆಚ್ಚಾಗಿ ಬೆವರಿನ ತೇವ. ಡೋಮ್ ಕಳಚಿ ಒಳಗೇ ಉಳಿದರೆ ಪಿನ್ನು, ಕಡ್ಡಿ ಹಾಕದೆ ಡಾಕ್ಟರ ಹತ್ತಿರ ಹೋಗಿ.

ಇಷ್ಟೆಲ್ಲ ನೋಡಿ ಮಷೀನ್ ಸರಿಯಾಗೇ ಇದೆ, ಆದರೂ ಒಂದು ಕಿವಿ ರಾತ್ರೋರಾತ್ರಿ ಇಲ್ಲವೇ ಎರಡು ಮೂರು ದಿನದೊಳಗೆ ತೀರಾ ಕುಸಿಯಿತು ಅಂದರೆ ಮಷೀನಿನ ಅಂಗಡಿಗೆ ಹೋಗಬೇಡಿ. ಅದು ತುರ್ತು. ಅದೇ ದಿನ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಸ್ಟಿರಾಯ್ಡ್ ಚಿಕಿತ್ಸೆ ಮೊದಲ ಕೆಲವೇ ದಿನಗಳಲ್ಲಿ ಸುರುವಾದರೆ ಕೇಳುವುದು ಮರಳುವ ಅವಕಾಶ ಹೆಚ್ಚು. ಎರಡು ವಾರ ದಾಟಿದ ಮೇಲೆ ಅದು ಬಹಳ ಕಡಿಮೆಯಾಗುತ್ತದೆ.